ಪೈ ಬೋರ್ಡ್‌ನ ವೇಗ ಇಳಿಸಿದರೂ ಮೋಡೆಮ್ ಮಾತು ಕೆಡದಂತೆ

ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಮಳೆ ಅಳೆಯುವ ಪೆಟ್ಟಿಗೆ. ಒಳಗೆ ರಾಸ್ಪ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಮೊಬೈಲ್ ನೆಟ್‌ವರ್ಕ್‌ನಲ್ಲಿ ಮಾಹಿತಿ ಕಳಿಸುವ ಜಿಎಸ್‌ಎಂ ಮೋಡೆಮ್, ಸೋಲಾರ್‌ನಲ್ಲಿ ಚಾರ್ಜ್ ಆಗುವ 12 ವೋಲ್ಟ್ ಬ್ಯಾಟರಿ. ಜುಲೈನಲ್ಲಿ ಬಿಸಿಲನ್ನು ನೆಚ್ಚಿಕೊಳ್ಳುವಂತಿಲ್ಲ. ಹಾಗಾಗಿ ಕೆಲಸವಿಲ್ಲದಾಗ ಪ್ರೊಸೆಸರ್ 1200 ಮೆಗಾಹರ್ಟ್ಸ್‌ನಿಂದ 600ಕ್ಕೆ ಇಳಿಯಲೇಬೇಕು. ಅದಕ್ಕೆ ಪ್ರೊಸೆಸರ್ ವೇಗ ನಿರ್ಧರಿಸುವ ಗವರ್ನರ್ ಅನ್ನು ಆನ್‌ಡಿಮ್ಯಾಂಡ್ (ಬೇಕಾದಾಗ ಮಾತ್ರ ವೇಗ ಏರಿಸು) ಮಾಡಿದರೆ ಸಾಕು. ಕಷ್ಟವಿರುವುದು ಪೈ ಮೋಡೆಮ್ ಜೊತೆ ಮಾತಾಡುವ ಸೀರಿಯಲ್ ಪೋರ್ಟ್‌ನಲ್ಲಿ.

ಪೈ 3ರಲ್ಲಿ ಪಿಎಲ್011 ಎಂಬ ಒಳ್ಳೆಯ ಸೀರಿಯಲ್ ಪೋರ್ಟ್ ಬ್ಲೂಟೂತ್ ಪಾಲಾಗಿರುತ್ತದೆ. 8 ಮತ್ತು 10ನೇ ಪಿನ್‌ಗೆ ಸಿಗುವುದು ಮಿನಿ ಯುಆರ್ಟ್ ಎಂಬ ಸರಳ ಸೀರಿಯಲ್ ಪೋರ್ಟ್. ಅದರ ಬಾಡ್ ದರ (ಸೆಕೆಂಡಿಗೆ ಹೋಗುವ ಬಿಟ್‌ಗಳ ಸಂಖ್ಯೆ) ಹುಟ್ಟುವುದು ಕೋರ್ ಕ್ಲಾಕ್‌ನಿಂದ (ಇದು ಚಿಪ್‌ನ ಗ್ರಾಫಿಕ್ಸ್ ಭಾಗದ ಕ್ಲಾಕ್, ಪ್ರೊಸೆಸರ್‌ನದಲ್ಲ), ಎಂಟರಿಂದಲೂ ಮತ್ತೊಂದು ನಿಗದಿತ ಸಂಖ್ಯೆಯಿಂದಲೂ ಭಾಗಿಸಿ. ಪ್ರೊಸೆಸರ್ ಏರಿದಾಗ ಕೋರ್ ಕೂಡ 250 ಮೆಗಾಹರ್ಟ್ಸ್‌ನಿಂದ 400ಕ್ಕೆ ಏರಿದರೆ, 9600 ಎಂದು ಇಟ್ಟಿದ್ದು 15360 ಆಗುತ್ತದೆ. ಮೋಡೆಮ್‌ಗೆ ಕಸ ತಲುಪುತ್ತದೆ.

ಕಾನ್ಫಿಗ್ ಫೈಲ್‌ನಲ್ಲಿ ಎನೇಬಲ್_ಯುಆರ್ಟ್=1 ಬರೆದರೆ ಫರ್ಮ್‌ವೇರ್ ತಾನೇ ಕೋರನ್ನು 250ಕ್ಕೆ ಕಟ್ಟಿಹಾಕುತ್ತದೆ. ಅದನ್ನು ಬಿಟ್ಟು ಬರೀ ಓವರ್‌ಲೇ (ಹಾರ್ಡ್‌ವೇರ್ ಹೊಂದಿಕೆ ಬದಲಿಸುವ ಸಾಲು) ಹಾಕಿ ಪೋರ್ಟ್ ತೆರೆದವರಿಗೇ ಈ ಕಾಟ. ಫೋರ್ಸ್_ಟರ್ಬೋ=1 ಹಾಕಿದರೂ ಬಾಡ್ ನಿಲ್ಲುತ್ತದೆ, ಆದರೆ ವೇಗ ಇಳಿಯುವುದೇ ಇಲ್ಲ; ಬ್ಯಾಟರಿ ಉಳಿಸಲು ಹೊರಟವರಿಗೆ ಅದು ಪರಿಹಾರವಲ್ಲ.

ತೋಟದಲ್ಲಿ ಬ್ಲೂಟೂತ್ ಬೇಡ. ಅದಕ್ಕೇ ಡಿಸೇಬಲ್-ಬಿಟಿ ಓವರ್‌ಲೇ ಹಾಕಿ, ಬ್ಲೂಟೂತ್‌ಗೆ ಆ ಪೋರ್ಟ್ ಜೋಡಿಸುವ ಎಚ್‌ಸಿಐಯುಆರ್ಟ್ ಸರ್ವಿಸ್ ನಿಲ್ಲಿಸಿದೆ. ಪಿಎಲ್011 ಪಿನ್‌ಗಳಿಗೆ ಮರಳಿತು. ಅದಕ್ಕೆ 48 ಮೆಗಾಹರ್ಟ್ಸ್‌ನ ಸ್ವಂತ ಕ್ಲಾಕ್ ಇದೆ. ಸೆನ್ಸರ್‌ನಂಥವನ್ನು ಜೋಡಿಸುವ ಎಸ್‌ಪಿಐ, ಐ2ಸಿ ಕೂಡ ಕೋರ್ ಕ್ಲಾಕ್‌ಗೇ ಜೋತುಬಿದ್ದಿರುವುದರಿಂದ ಕೋರ್_ಫ್ರೀಕ್=250, ಕೋರ್_ಫ್ರೀಕ್_ಮಿನ್=250 ಎರಡನ್ನೂ ಬರೆದಿಟ್ಟೆ. ಸಿಎಂಡಿಲೈನ್ ಫೈಲ್‌ನಿಂದ ಸೀರಿಯಲ್ ಕನ್ಸೋಲ್ ತೆಗೆಯುವುದನ್ನು ಮರೆಯಬಾರದು. ಇಲ್ಲದಿದ್ದರೆ ಬೂಟ್ ಸಂದೇಶಗಳೆಲ್ಲ ಮೋಡೆಮ್‌ಗೆ ಹೋಗುತ್ತವೆ.

ಪರೀಕ್ಷೆಯಲ್ಲಿ ಬಹಳ ಜನ ಎಡವುತ್ತಾರೆ. 8 ಮತ್ತು 10ನೇ ಪಿನ್ ಜೋಡಿಸಿ ಲೂಪ್‌ಬ್ಯಾಕ್ ಮಾಡಿದರೆ ಎಲ್ಲವೂ ಸರಿ ಎನ್ನಿಸುತ್ತದೆ. ಕಳಿಸುವುದು, ಓದುವುದು ಎರಡೂ ಒಂದೇ ತಪ್ಪು ಕ್ಲಾಕ್‌ನಲ್ಲಿ ನಡೆಯುವುದರಿಂದ ತಪ್ಪು ಕಾಣುವುದೇ ಇಲ್ಲ. 3.3 ವೋಲ್ಟ್‌ನ ಯುಎಸ್‌ಬಿ-ಸೀರಿಯಲ್ ಕೇಬಲ್ ಹಾಕಿ ಬೇರೆ ಲ್ಯಾಪ್‌ಟಾಪ್‌ನಲ್ಲಿ ಓದಬೇಕು. ಪೈನ ಪ್ರೊಸೆಸರ್‌ನ ನಾಲ್ಕೂ ಕೋರ್‌ಗೆ ಹೊರೆ ಕೊಟ್ಟು, ತೆಗೆದು, ಮತ್ತೆ ಕೊಟ್ಟು ನೋಡಿ. ಪೈನ ಸ್ಥಿತಿ ತಿಳಿಸುವ ವಿಸಿಜೆನ್‌ಸಿಎಂಡಿ ಆಜ್ಞೆಯಲ್ಲಿ ಮೆಷರ್_ಕ್ಲಾಕ್ ಕೇಳಿದರೆ ಆರ್ಮ್ (ಪ್ರೊಸೆಸರ್) ಏರಿಳಿಯಬೇಕು, ಕೋರ್ ಕ್ಲಾಕ್ 250ರ ಆಸುಪಾಸಿನಲ್ಲೇ ನಿಲ್ಲಬೇಕು.

ಇಷ್ಟಾದರೂ ವೇಗ 600ರಲ್ಲೇ ಅಂಟಿಕೊಂಡರೆ ಅದೇ ಆಜ್ಞೆಯಲ್ಲಿ ಗೆಟ್_ಥ್ರಾಟಲ್ಡ್ ನೋಡಿ. 0ಎಕ್ಸ್50005 ಬಂದರೆ ಪೈಗೆ ಬರುವ ವೋಲ್ಟೇಜ್ 4.63ರ ಸುತ್ತಿನ ಮಿತಿಗಿಂತ ಕೆಳಗಿದೆ ಎಂದರ್ಥ. ಎಸ್‌ಐಎಂ800 ಥರದ ಮೋಡೆಮ್ ಸಿಗ್ನಲ್ ಕಳಿಸುವಾಗ ಕ್ಷಣಕಾಲ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಅದಕ್ಕೆ ಬ್ಯಾಟರಿಯಿಂದಲೇ 4 ವೋಲ್ಟ್‌ನ ಬೇರೆ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಸರ್ಕ್ಯೂಟ್), ಅದರ ಪಿನ್‌ಗಳ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಟ್ಟೆ. ಗ್ರೌಂಡ್ ಮಾತ್ರ ಪೈ ಜೊತೆ ಒಂದೇ.