ಹಳೇ ಮರದ ಸಾಮಾನಿನ ಬಣ್ಣ ಗಾಢ ಮಾಡಲು
ಸ್ಟೀಲ್ ವುಲ್ (ಕೂದಲಿನಂತೆ ತೆಳುವಾದ ಕಬ್ಬಿಣದ ಎಳೆಗಳ ಉಂಡೆ) ಚೂರನ್ನು ವಿನೆಗರ್‌ನಲ್ಲಿ ಒಂದೆರಡು ದಿನ ನೆನೆಸಿ, ಬಟ್ಟೆಯಲ್ಲಿ ಸೋಸಿ, ಆ ನೀರನ್ನು ಬ್ರಷ್‌ನಿಂದ ಮರಕ್ಕೆ ಹಚ್ಚಿ. (ಬಾಟಲಿ ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಗ್ಯಾಸ್ ಹುಟ್ಟುತ್ತದೆ.) ಇದು ಮೇಲೆ ಬಳಿದ ಬಣ್ಣವಲ್ಲ. ವಿನೆಗರ್‌ನಲ್ಲಿ ಕರಗಿದ ಕಬ್ಬಿಣ ಮರದ ಟ್ಯಾನಿನ್ (ಮರದಲ್ಲೂ ಟೀಯಲ್ಲೂ ಇರುವ ಒಗರು ಅಂಶ) ಜೊತೆ ಸೇರಿ ಮರವೇ ಕಪ್ಪಾಗುತ್ತದೆ. ಹಚ್ಚಿದ ತಕ್ಷಣ ಜಾಸ್ತಿ ಏನೂ ಕಾಣದಿರಬಹುದು, ಗಾಬರಿಯಾಗಿ ಮತ್ತೆ ಮತ್ತೆ ಬಳಿಯಬೇಡಿ. ಒಣಗುತ್ತಾ ಬಂದ ಹಾಗೆ ಮೊದಲು ಬೂದು, ಆಮೇಲೆ ಕಂದುಗಪ್ಪು. ಓಕ್, ವಾಲ್ನಟ್‌ಗೆ ಚೆನ್ನಾಗಿ ಹಿಡಿಯುತ್ತದೆ. ಪೈನ್‌ನಲ್ಲಿ ಟ್ಯಾನಿನ್ ಕಮ್ಮಿ, ಬಣ್ಣ ಸಪ್ಪೆ. ಅದಕ್ಕೆ ಮೊದಲು ಗಟ್ಟಿ ಟೀ ಡಿಕಾಕ್ಷನ್ ಹಚ್ಚಿ ಒಣಗಿಸಿಕೊಳ್ಳಿ. ಹಳೇ ವಾರ್ನಿಷ್ ಉಳಿದ ಕಡೆ ಮಾತ್ರ ಏನೂ ನಡೆಯುವುದಿಲ್ಲ, ಪೂರ್ತಿ ಉಜ್ಜಿ ತೆಗೆಯಲೇಬೇಕು. ಒಮ್ಮೆ ಕಪ್ಪಾದರೆ ಹಿಂದಕ್ಕೆ ತರುವುದು ಕಷ್ಟ, ಮೊದಲು ಕಣ್ಣಿಗೆ ಬೀಳದ ಅಡಿಭಾಗದಲ್ಲಿ ಹಚ್ಚಿ ನೋಡಿ.