ಅವರು ನಿಮಗೆ ಏನಾಗಬೇಕು?

ನನಗೆ ಕೆಲಸ ಕಲಿಸಿದ ಮೇಷ್ಟ್ರು ತೀರಿಕೊಂಡ ಸುದ್ದಿ ನನ್ನನ್ನು ತಲುಪಿದ್ದು ಮೂರು ತಿಂಗಳು ತಡವಾಗಿ. ಅವರು ಶಾಲೆಯ ಮೇಷ್ಟ್ರಲ್ಲ, ಕರಡು ತಿದ್ದುವವರು. ನನ್ನ ಮೊದಲ ಕೆಲಸದಲ್ಲಿ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದರು. ಸುಮ್ನೆ ಒಂದು ದಿನ ಮೇಷ್ಟ್ರೇ ಅಂತ ಕರೆದೆ, ಅದೇ ನಿಂತುಬಿಟ್ಟಿತು.

ಸುದ್ದಿ ಬಂದ ದಿನ ಕೈಗೆ ಕೆಲಸ ಹತ್ತಲಿಲ್ಲ. ಬೇಗ ಹೊರಡುತ್ತೇನೆ ಅಂತ ಆಫೀಸಿನಲ್ಲಿ ಹೇಳಿದೆ. "ಅವರು ನಿಮಗೆ ಏನಾಗಬೇಕು?" ಅಂತ ಕೇಳಿದರು. ಕೇಳಿದವರದು ತಪ್ಪಲ್ಲ. ಆದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಏನೂ ಆಗಬೇಕಿಲ್ಲ ಅಂದು ಮತ್ತೆ ಕುರ್ಚಿಯಲ್ಲಿ ಕೂತೆ.

ಹೀಗೆ ಯಾರ ಲೆಕ್ಕಕ್ಕೂ ಬರದ ದುಃಖದ ಬಗ್ಗೆ ಕೆನೆತ್ ಡೋಕಾ ಎನ್ನುವವರು 1989ರಲ್ಲೇ ಬರೆದಿದ್ದಾರೆ ಅಂತ ಆಮೇಲೆ ತಿಳಿಯಿತು. ಸ್ನೇಹಿತರು, ಬೇರೆಯಾದ ಗಂಡ ಹೆಂಡತಿ, ಜೊತೆಯಲ್ಲಿ ಕೆಲಸ ಮಾಡಿದವರು ಹೋದಾಗ ಅಳುವ ಹಕ್ಕು ನಮಗಿದೆ ಅಂತ ಸುತ್ತಲಿನವರಿಗೆ ಹೊಳೆಯುವುದೇ ಇಲ್ಲ. ನಮಗೇ ಹೊಳೆಯುವುದಿಲ್ಲ. ನನಗಂತೂ ಅವರ ಮನೆಯವರಿಗೆ ಫೋನ್ ಮಾಡಲೂ ಸಂಕೋಚ.

ಕೊನೆಗೆ ಬರೆಯಲು ಕೂತೆ. ಮೊದಲ ಪುಟ ಓದಿದರೆ ನನಗೇ ನಾಚಿಕೆ. ಸರಳ ಜೀವಿ, ಮೃದುಭಾಷಿ, ತುಂಬಲಾರದ ನಷ್ಟ. ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಹೊಂದುತ್ತಿತ್ತು. ಅದೂ ಅಲ್ಲದೆ ಅವರು ಮೃದುಭಾಷಿಯೇ ಅಲ್ಲ! ಹರಿದು ಹಾಕಿದೆ. ಒಂದು ವಾರ ಬಿಟ್ಟು ಒಂದೇ ಸಾಲು ಬರೆದೆ: ತಪ್ಪು ಕಣ್ಣಿಗೆ ಬಿದ್ದಾಗ ಮೇಷ್ಟ್ರು ಆ ಅಕ್ಷರಕ್ಕೇ "ಸಿಕ್ಕಿಬಿದ್ದೆಯಾ" ಅನ್ನುತ್ತಿದ್ದರು. ಬರೆದ ಕೂಡಲೇ ಅವರು ಪಕ್ಕದಲ್ಲಿ ಬಂದು ಕೂತ ಹಾಗಾಯಿತು. ಆಗಲೇ ನಿಜವಾಗಿ ಅಳು ಬಂದದ್ದು.

ಅಲ್ಲಿಂದ ಒಂದು ನೋಟ್‌ಬುಕ್ ಇಟ್ಟೆ. ಒಬ್ಬೊಬ್ಬರಿಗೆ ಒಂದು ಪುಟ. ಗುಣಗಾನ ಬರೆಯಬಾರದು, ಕಣ್ಣಿಗೆ ಕಂಡದ್ದು ಕಿವಿಗೆ ಕೇಳಿದ್ದು ಮಾತ್ರ ಬರೆಯಬೇಕು ಅಂತ ನನಗೆ ನಾನೇ ಕಟ್ಟು ಹಾಕಿಕೊಂಡೆ. ಕೈ ಒರೆಸಿಕೊಳ್ಳುತ್ತಿದ್ದ ರೀತಿ, ಬಾಗಿಲು ಹಾಕುತ್ತಿದ್ದ ಸದ್ದು, ಪದೇ ಪದೇ ಹೇಳುತ್ತಿದ್ದ ಸುಳ್ಳು. ಕೆಟ್ಟದ್ದನ್ನೂ ಬರೆಯುತ್ತೇನೆ. ಮೇಷ್ಟ್ರು ಕೈಸಾಲ ಕೇಳಿದರೆ ಕೊಡುತ್ತಿದ್ದರು, ಆದರೆ ತೀರಿಸಿದ ಮೇಲೂ ಕೊಟ್ಟಿದ್ದನ್ನು ಹತ್ತು ಜನರ ಮುಂದೆ ಹೇಳುತ್ತಿದ್ದರು. ಆ ಸಾಲನ್ನು ಹೊಡೆದು ಹಾಕಿದ್ದರೆ ಪುಟದಲ್ಲಿ ಬೇರೆ ಯಾರೋ ಇರುತ್ತಿದ್ದರು, ಅಲ್ವಾ?

ಈಗ ಒಂಬತ್ತು ಪುಟಗಳಿವೆ. ಸೈಕಲ್ ಕಲಿಸಿದ ಪಕ್ಕದ ಮನೆಯ ಅಕ್ಕನ ಪುಟ ಅರ್ಧ ಗಂಟೆಯಲ್ಲಿ ತುಂಬಿತು. ಜಗಳವಾಡಿ ಮಾತು ಬಿಟ್ಟಿದ್ದ ಗೆಳೆಯನ ಪುಟ ಮಾತ್ರ ಎರಡು ವರ್ಷ ಖಾಲಿ ಇತ್ತು. ಈಗಲೂ ಅಲ್ಲಿರುವುದು ಒಂದೇ ವಾಕ್ಯ. ಇಲ್ಲಿ ಹೇಳಲಾರೆ.

ನಡುವೆ ಒಂದು ಪೆದ್ದುತನವನ್ನೂ ಮಾಡಿದೆ. ದುಃಖಕ್ಕೆ ಐದು ಹಂತ, ಅದರಲ್ಲಿ ಸಿಟ್ಟೂ ಒಂದು ಅಂತ ಎಲ್ಲೋ ಓದಿ, ನನಗೆ ಇನ್ನೂ ಸಿಟ್ಟು ಬಂದಿಲ್ಲವಲ್ಲ, ಏನೋ ಎಡವಟ್ಟಾಗಿದೆ ಅಂತ ಕಾಯುತ್ತಾ ಕೂತಿದ್ದೆ. ಎಲಿಸಬೆತ್ ಕೂಬ್ಲರ್ ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಆ ಹಂತಗಳನ್ನು ಬರೆದದ್ದು ಸಾವು ಹತ್ತಿರವಾಗಿದ್ದ ರೋಗಿಗಳ ಜೊತೆ ಮಾತಾಡಿ. ಹಿಂದೆ ಉಳಿದವರು ಒಂದೊಂದಾಗಿ ಹತ್ತಲೇಬೇಕಾದ ಮೆಟ್ಟಿಲು ಅದಲ್ಲ. ನನಗೆ ಹೊಂದಿದ್ದು 1999ರಲ್ಲಿ ಸ್ಟ್ರೋಬೆ ಮತ್ತು ಶುಟ್ ಎಂಬ ಸಂಶೋಧಕರು ಹೇಳಿದ್ದು: ಮನಸ್ಸು ಒಮ್ಮೆ ದುಃಖದ ಕಡೆ, ಒಮ್ಮೆ ದಿನದ ಕೆಲಸದ ಕಡೆ ಉಯ್ಯಾಲೆಯಂತೆ ತೂಗುತ್ತದೆ. ಎರಡೂ ಬೇಕು. ಹಾಗಾಗಿ ದಿನಾ ನೋಟ್‌ಬುಕ್ ತೆರೆಯುವುದನ್ನು ಬಿಟ್ಟೆ. ನೆನಪು ತಾನಾಗಿ ಬಂದಾಗ ಬರೆಯುತ್ತೇನೆ, ಮುಚ್ಚಿಟ್ಟು ಬಟ್ಟೆ ಒಗೆಯಲು ಹೋಗುತ್ತೇನೆ. ವರ್ಷ ಕಳೆದರೂ ದಿನದ ಕೆಲಸಕ್ಕೆ ಏಳಲಾಗದಷ್ಟು ಭಾರವಿದ್ದರೆ ನೋಟ್‌ಬುಕ್ ಸಾಲದು, ವೈದ್ಯರ ಹತ್ತಿರ ಹೋಗಬೇಕು.

ಇನ್ನು ದನಿಯ ವಿಷಯ. ಮುಖಕ್ಕಾದರೆ ಫೋಟೋ ಇರುತ್ತದೆ, ದನಿ ಮಾತ್ರ ಬೇಗ ಮರೆತುಹೋಗುತ್ತದೆ. ಹಳೆಯ ಫೋನ್ ಹುಡುಕಿದಾಗ ಮೇಷ್ಟ್ರ ಒಂದು ವಾಯ್ಸ್ ಮೆಸೇಜ್ ಸಿಕ್ಕಿತು. 14 ಸೆಕೆಂಡ್. "32ನೇ ಪುಟ ಎಲ್ಲಪ್ಪಾ? ಇನ್ನೂ ಕಳಿಸಿಲ್ಲ. ನಾನೇ ಬಂದು ಕಿತ್ತುಕೊಳ್ಳಬೇಕಾ?" ಆಮೇಲೆ ಒಂದು ಕೆಮ್ಮು. ಇಂಥದ್ದನ್ನು ಮೊದಲು ಎರಡು ಕಡೆ ನಕಲು ಮಾಡಿಡಿ. ಬಳಸದೆ ಬಿಟ್ಟ ವಾಟ್ಸಾಪ್ ಖಾತೆ ಸಾಮಾನ್ಯವಾಗಿ 120 ದಿನಕ್ಕೆ ಅಳಿಸಿಹೋಗುತ್ತದೆ. ಗೂಗಲ್ ಖಾತೆಯನ್ನು 2 ವರ್ಷ ಮುಟ್ಟದಿದ್ದರೆ ಅದರಲ್ಲಿದ್ದ ಫೋಟೋ ಸಮೇತ ತೆಗೆದುಹಾಕಬಹುದು. ನಮ್ಮ ಫೋನಿಗೆ ಇಳಿದದ್ದು ಉಳಿಯುತ್ತದೆ ನಿಜ, ಆದರೆ ಫೋನ್ ನೀರಿಗೆ ಬಿದ್ದರೆ?

ಆ ಮೆಸೇಜ್ ಕೈಯಲ್ಲಿದ್ದಾಗಲೇ ಅವರ ಮಗಳಿಗೆ ಫೋನ್ ಮಾಡುವ ಧೈರ್ಯ ಬಂದದ್ದು. ಹೆಸರು ಹೇಳಿದೆ, ಎಷ್ಟೋ ಹಿಂದಿನ ಕೆಲಸದ ಪರಿಚಯ ಅಂದೆ. ಸಮಾಧಾನದ ಮಾತು ಹೇಳಲು ಹೋಗಲಿಲ್ಲ. ಅಕ್ಷರದ ಜೊತೆ ಮಾತಾಡುತ್ತಿದ್ದ ಕಥೆ ಹೇಳಿದೆ. ಆ ಕಡೆ ಸದ್ದೇ ಇಲ್ಲ. ತಪ್ಪು ಮಾಡಿದೆನೇನೋ ಅಂದುಕೊಂಡೆ. ಆಮೇಲೆ ಅವರು, "ಅಪ್ಪ ಮಾತಾಡ್ತಿದ್ರಾ? ಮನೇಲಿ ಪೇಪರ್ ಹಿಡಿದರೆ ಕರೆದರೂ ಓ ಅಂತಿರಲಿಲ್ಲ" ಅಂದರು. ಕೈಸಾಲದ ಕಥೆಯನ್ನೂ ಹೇಳಿದೆ. ಜೋರಾಗಿ ನಕ್ಕರು. ನಲವತ್ತು ನಿಮಿಷ ಮಾತಾಡಿದೆವು. ನಾನು ಏನಾಗಬೇಕು ಅಂತ ಅವರು ಕೇಳಲೇ ಇಲ್ಲ.

ವಾಯ್ಸ್ ಮೆಸೇಜ್ ಕಳಿಸಿದೆ. ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಬೆಳಿಗ್ಗೆ ಒಂದು ಸಾಲು ಬಂತು: "ಆ 32ನೇ ಪುಟ ಕೊನೆಗೂ ಕಳಿಸಿದ್ರಾ?"

ಕಳಿಸಿದ್ದೆ, ಅದರಲ್ಲಿ ಎರಡು ತಪ್ಪು ಸಿಕ್ಕಿಬಿದ್ದವು ಅಂತ ಬರೆದೆ.