ಹಳೇ ಬಣ್ಣ ಕೆರೆಸುವ ಮುನ್ನ

ಹಬ್ಬ ಹತ್ತಿರ ಬಂತೆಂದರೆ ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಸುಣ್ಣ-ಬಣ್ಣದ ಕೆಲಸ ಶುರು. ಆ ಕಿಟಕಿ, ಗ್ರಿಲ್‌ಗಳ ಮೇಲೆ ಎಷ್ಟೋ ವರ್ಷಗಳ ಆಯಿಲ್ ಪೇಂಟ್ ಪದರ ಪದರವಾಗಿ ಕೂತಿರುತ್ತದೆ. ಅದರಲ್ಲಿ ಸೀಸ, ಅಂದರೆ ಲೆಡ್ ಎಂಬ ವಿಷಕಾರಿ ಲೋಹ, ಇದ್ದರೂ ಇರಬಹುದು. ಮನೆ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ದಾಟಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ.

ದೇಹ ಸೇರಿದ ಸೀಸ ಮೂಳೆಯಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಬಸುರಿಯಾದಾಗ ಮೂಳೆಯಿಂದ ಮತ್ತೆ ರಕ್ತಕ್ಕೆ ಬಂದು ಹೊಟ್ಟೆಯಲ್ಲಿರುವ ಮಗುವನ್ನೂ ತಲುಪುತ್ತದೆ. ದೊಡ್ಡವರಿಗೆ ಬಿಪಿ, ಕಿಡ್ನಿ ತೊಂದರೆ ತರುತ್ತದೆ. ಪುಟ್ಟ ಮಕ್ಕಳಿಗೆ ಕಲಿಯುವ ಶಕ್ತಿಯೇ ಕುಗ್ಗುತ್ತದೆ.

ಮೊದಲ ಹೆಜ್ಜೆ: ಬಣ್ಣ ಗಟ್ಟಿಯಾಗಿದ್ದರೆ ಕೆರೆಯಲೇಬೇಡಿ, ಮೇಲೆ ಹೊಸ ಬಣ್ಣ ಬಳಿಸಿ. ಚಕ್ಕೆ ಏಳುತ್ತಿದ್ದರೆ ಮಕ್ಕಳನ್ನೂ ಬಸುರಿಯರನ್ನೂ ಕೆಲಸ ಮುಗಿಯುವವರೆಗೆ ನೆಂಟರ ಮನೆಗೆ ಕಳಿಸಿ. ಹಾಸಿಗೆ, ಪಾತ್ರೆ ಹೊರಗಿಟ್ಟು ನೆಲಕ್ಕೆ ಪ್ಲಾಸ್ಟಿಕ್ ಹಾಸಿ.

ಎರಡನೆಯದು, ಒಣಗಿದ ಬಣ್ಣವನ್ನು ಹಾಗೇ ಉಜ್ಜಿಸಬೇಡಿ. ಎಮರಿ ಪೇಪರ್ ಆಡಿದಂತೆಲ್ಲ ಹಿಟ್ಟಿನಂಥ ಪುಡಿ ಕಿಟಕಿಯ ಸಂದಿಯಲ್ಲಿ ಕೂರುತ್ತದೆ. ಮಗು ಅಲ್ಲಿ ಕೈಯಿಟ್ಟು ಬೆರಳು ಚೀಪುತ್ತದೆ, ಅಲ್ವಾ? ನೀರು ಚಿಮುಕಿಸಿ, ವಾಟರ್‌ಪ್ರೂಫ್ ಎಮರಿಯಲ್ಲೇ ಉಜ್ಜಿಸಿ. ಬೆಂಕಿಯಲ್ಲಿ ಸುಟ್ಟು ತೆಗೆಯುವುದಂತೂ ಬೇಡವೇ ಬೇಡ. ಆಮೇಲೆ ಪೊರಕೆ ಮುಟ್ಟದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಪೇಂಟರ್ ಅಣ್ಣನಿಗೆ ಎನ್95 ಮಾಸ್ಕ್ ಕೊಡಿಸಿ. ಟೀ ಕುಡಿಯುವ ಮುನ್ನ ಸೋಪು ಹಾಕಿ ಕೈ ತೊಳೆಯಲಿ. ಎಲ್ಲರಿಗಿಂತ ಜಾಸ್ತಿ ಧೂಳು ಕುಡಿಯುವವರು ಅವರೇ.

ಅಡುಗೆಮನೆಯನ್ನೂ ಒಮ್ಮೆ ನೋಡಿ. ಹಳದಿ ಎದ್ದು ಕಾಣಲೆಂದು ಅರಿಶಿನಕ್ಕೆ ಸೀಸದ ಕ್ರೋಮೇಟ್ ಬೆರೆಸುವವರಿದ್ದಾರೆ. ಕೊಂಬು ತಂದು ತೊಳೆದು ಒಣಗಿಸಿ, ಗಿರಣಿಯಲ್ಲಿ ಪುಡಿ ಮಾಡಿಸುವುದು ವಾಸಿ. ಕಬ್ಬಿಣಾಂಶ, ಕ್ಯಾಲ್ಸಿಯಂ ಕಡಿಮೆಯಿರುವ ಮಗು ಸೀಸವನ್ನು ಇನ್ನೂ ಜಾಸ್ತಿ ಹೀರಿಕೊಳ್ಳುತ್ತದೆ. ರಾಗಿ, ಸೊಪ್ಪು, ಕಾಳು ತಪ್ಪದೆ ಕೊಡಿ.

ಅನುಮಾನ ಬಂದರೆ ಮಕ್ಕಳ ಡಾಕ್ಟರನ್ನು ಕೇಳಿ ರಕ್ತದ ಸೀಸದ ಟೆಸ್ಟ್ ಮಾಡಿಸಿ. ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚಿದ್ದರೆ ಮೂಲ ಹುಡುಕಿ ನಿಲ್ಲಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸುಮ್ನೆ ‘ಡಿಟಾಕ್ಸ್’ ಪುಡಿಗೆ ದುಡ್ಡು ಹಾಕಬೇಡಿ. ಸೀಸ ಬರುವ ದಾರಿ ಮುಚ್ಚಿದ ಮೇಲೆ ಡಾಕ್ಟರ್ ಹೇಳಿದ ದಿನ ಮತ್ತೆ ಟೆಸ್ಟ್ ಮಾಡಿಸಿ, ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ತೋರಿಸಿ.